ಅಮ್ಮ ತೊಳೆದ ಗಾಜು

ಒರುರೊ, ಸೋಮವಾರ

ಕ್ಯಾನ್ಸರ್ ವೈದ್ಯರ ಸಂಘದ ಕಾರ್ಯದರ್ಶಿ ಡಾ. ಓಬ್ಲಿತಾಸ್ ಅವರಿಗೆ,

ವೈದ್ಯರ ಮೂಲಕವೇ ಬರೆಯಬೇಕೆಂಬ ನಿಯಮ ಗೊತ್ತಿದ್ದೂ ನೇರವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ ಮೇಡಂ. ನಾನು ಕಾಲೇಜಿನ ಮೊದಲ ವರ್ಷದವಳು. ಗುರುವಾರದ ಸಭೆಯಲ್ಲಿ ನಿಮ್ಮ ಸಂಘದವರು ಅಮ್ಮನ ಗಡ್ಡೆಯ ಸ್ಲೈಡು ನೋಡಿ ಯಾವ ಔಷಧಿಯೆಂದು ಹೇಳಬೇಕು. ಆಸ್ಪತ್ರೆಯಿಂದ ತಂದ ಆ ಸ್ಲೈಡುಗಳನ್ನು ನಾನು ಅಡುಗೆಮನೆಯಲ್ಲಿಟ್ಟೆ. ತಪ್ಪು ನನ್ನದೇ.

ಅಮ್ಮ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಬಿಸಿ ಪಾನೀಯ ಆಪಿ ಮಾರುತ್ತಾಳೆ, ದಿನವಿಡೀ ಲೋಟ ತೊಳೆಯುತ್ತಾಳೆ. ಸ್ಲೈಡುಗಳನ್ನೂ ಬಿಸಿನೀರಿನಲ್ಲಿ ತಿಕ್ಕಿ, ಮೇಲಿನ ತೆಳು ಗಾಜು ಕಿತ್ತು, ಫಳಫಳ ಹೊಳೆಯಿಸಿದ್ದಾಳೆ. ಗಾಜಿಗೆ ಅಂಟಿದ್ದ ಗಡ್ಡೆಯ ತೆಳು ಪದರವೂ ನೀರಿನಲ್ಲಿ ಹೋಯಿತು.

"ದೊಡ್ಡ ಡಾಕ್ಟ್ರುಗಳ ಮುಂದೆ ಕಲೆ ಹಿಡಿದ ಗಾಜು ಇಡ್ತೀಯೇನೇ? ನಿಮ್ಮಪ್ಪ ಸೇರಿಸಿದ್ದ ಇಂಗ್ಲಿಷ್ ಹಾಸ್ಟೆಲಲ್ಲಿ ಇಷ್ಟೂ ಕಲಿಸ್ಲಿಲ್ವಾ?"

ಗಡ್ಡೆಯ ಉಳಿದ ತುಣುಕು ಆಸ್ಪತ್ರೆಯಲ್ಲೇ ಇದೆ. ಹೊಸ ಸ್ಲೈಡು ಕೇಳಿದರೆ ಲ್ಯಾಬಿನವರು, "ಸಂಘದ ಪತ್ರ ತಗೊಂಡ್ಬಾಮ್ಮ, ಕೊಡ್ತೀವಿ" ಎನ್ನುತ್ತಾರೆ. ಗುರುವಾರ ತಪ್ಪಿದರೆ ಮುಂದಿನ ಸಭೆ ಮಾರ್ಚಿಗೆ. ಅಲ್ಲಿಯವರೆಗೆ ಔಷಧಿ ಶುರುವಾಗುವುದಿಲ್ಲ.

ಅಮ್ಮನಿಗೆ ನಾನು ಏನೂ ಹೇಳಿಲ್ಲ. ಗಾಜು ನಿಮಗೆ ತಲುಪಿದೆಯೆಂದೇ ಅವಳು ತಿಳಿದಿದ್ದಾಳೆ. "ಎಷ್ಟು ಕ್ಲೀನಾಗಿದೆ ಅಂದ್ರಾ ಡಾಕ್ಟ್ರು?" ಎಂದು ದಿನವೂ ಕೇಳುತ್ತಾಳೆ.

ದಯವಿಟ್ಟು ಆ ಪತ್ರವನ್ನು ಬುಧವಾರದೊಳಗೆ ಕಳಿಸಿ, ಮೇಡಂ.

ಇಂತು,
ಎಡಿತ್ ಹಾರ್ಟ್ಲಿ ಚೋಕೆ