ಕಲ್ಲು ಮೊದಲು ಮಲಗಲಿ

ಲೇ ಮರಿಗೌಡ,

ಈ ಮನೆಯಲ್ಲಿ ಓದು ಬಲ್ಲವರು ನಾವು ಅಣ್ಣ ತಮ್ಮ ಇಬ್ಬರೇ. ಓದಿ ಒಲೆಗೆ ಹಾಕು.

ಹನಕೆರೆ ಆಚಾರಿಯಿಂದ ಹೊಸ ತೊಟ್ಟಿಲು ತೆಗೆದುಕೊಂಡು ನಾಳೆ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಅದರ ಕಂಬಿಗಳ ಸಂದಿಯಲ್ಲಿ ಮುಷ್ಟಿ ಕೂಡ ತೂರುವುದಿಲ್ಲ. ಅವ್ವ ಮಾತ್ರ ತೊಟ್ಟಿಲ ಶಾಸ್ತ್ರಕ್ಕೆಂದು ಬೆಳಿಗ್ಗೆ ಹತ್ತು ಗಂಟೆಗೇ ನನ್ನ ಮಗುವನ್ನು ಅಟ್ಟದ ಹಳೇ ತೊಟ್ಟಿಲಿಗೆ ಹಾಕುವ ಹಟದಲ್ಲಿದ್ದಾಳೆ.

"ಏಳ್ ಮಕ್ಳು ಬೆಳ್ದವ್ರೆ ಕಣ್ಲಾ ಇದ್ರಲ್ಲಿ! ನಿನ್ ಮಗ ಏನ್ ಆಕಾಸದಿಂದ ಇಳ್ದವ್ನಾ?"

"ಆ ಸಂದೀಲಿ ಕೂಸು ಜಾರೋಯ್ತದೆ ಕಣತ್ತೆ," ಅಂತ ನಿಮ್ಮತ್ತಿಗೆ.

ಇಬ್ಬರ ದನಿಯನ್ನೂ ಚೆನ್ನಾಗಿ ಅಣಕಿಸುತ್ತೇನೆ. ನನ್ನ ಮಾತನ್ನು ಮಾತ್ರ ಕಾಗದದಲ್ಲಿ ಬರೆಯುತ್ತಿದ್ದೇನೆ.

ನೀನು ಮಾಡಬೇಕಾದದ್ದು ಇಷ್ಟೆ. ಶಾಸ್ತ್ರಕ್ಕೆ ಮಗುವಿಗಿಂತ ಮೊದಲು ಗುಂಡುಕಲ್ಲು ಮಲಗಿಸುತ್ತಾರಲ್ಲ, ಅದಕ್ಕೆ ಬಟ್ಟೆ ಸುತ್ತಲು ಬಿಡಬೇಡ. ಬರಿಗಲ್ಲನ್ನೇ ಇಟ್ಟು ಅವ್ವನ ಎದುರು ಜೋರಾಗಿ ತೂಗು. ಸಂದಿಯಿಂದ ಉರುಳಿ ಬೀಳುತ್ತದೆ, ಕಾಲು ಜೋಪಾನ.

ಆಗ ಅವ್ವ ನಿನ್ನ ಹಣೆ ನೋಡುತ್ತಾಳೆ. ಆ ಗಾಯದ ಕಲೆ ಅವ್ವ ಹೇಳುವಂತೆ ಹೊಸ್ತಿಲು ಎಡವಿ ಆದದ್ದಲ್ಲ ಕಣೋ. ಆರು ವರ್ಷದ ನಾನು ತೂಗುತ್ತಿದ್ದೆ, ನೀನು ಆ ಸಂದಿಯಿಂದಲೇ ಜಾರಿ ಬಿದ್ದೆ. ಬಾಯಿ ಬಿಡುವುದಿಲ್ಲ ಎಂದು ಅವ್ವನ ಕೈಮುಟ್ಟಿ ಆಣೆ ಮಾಡಿದ್ದೆ. ಬರೆಯುವುದಿಲ್ಲ ಎಂದಿರಲಿಲ್ಲ.

ಅವ್ವನನ್ನು ಏನೂ ಕೇಳಬೇಡ. ಕಲ್ಲು ತೊಳೆದು ಅವಳ ಕೈಗೆ ಕೊಡು, ಹೊಸ ತೊಟ್ಟಿಲಲ್ಲಿ ಅವಳೇ ಮಲಗಿಸಲಿ.

ನನ್ನನ್ನು ಬಯ್ಯುವುದಿದ್ದರೆ ಸ್ಟೇಷನ್ನಿಗೆ ಬಾ. ತೊಟ್ಟಿಲಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ನಿನ್ನಣ್ಣ