ಎಡಗಡೆಯ ಕ್ಲಾರಿನೆಟ್

ಒಸಾಕಾ
ಫೆಬ್ರವರಿ ಕೊನೆಯ ಭಾನುವಾರ

ನನ್ನ ತೊಕಿಕೊ ಅಕ್ಕಾ,

ಕೊಂಡುಬಿಟ್ಟೆ! ಹೌದು, ನಾನೇ, ಸೊಪ್ಪಿನ ಕಟ್ಟು ಕೊಳ್ಳೋಕೂ ಮೂರು ಅಂಗಡಿ ಸುತ್ತುವ ಈ ಕಿಕುಎ, ನಿನ್ನೆ ನಿಪ್ಪೊನ್‌ಬಾಶಿಯ ಅಂಗಡಿಬೀದಿಗೆ ಒಬ್ಬಳೇ ಹೋಗಿ ಹೆಡ್‌ಫೋನು ಕೊಂಡು ಬಂದೆ. ಆತುರದಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗೆ. ಆತುರ ಇಲ್ಲದಾಗಲೂ ನನ್ನ ಅಕ್ಷರ ಹೀಗೇ ಅಂತ ನಿನಗೆ ಗೊತ್ತು. ಶಾಲೆ ಅರ್ಧಕ್ಕೆ ಬಿಟ್ಟು ಡೋಲು ಕಟ್ಟಿಕೊಂಡವಳು ನಾನು, ತಪ್ಪಿದ್ದಲ್ಲಿ ನೀನೇ ತಿದ್ದಿ ಓದಿಕೋ.

ಫೋನಿನಲ್ಲೇ ಹೇಳಬಹುದಿತ್ತು. ಈಚೆಗೆ ಫೋನಿನಲ್ಲಿ ನಿನ್ನ ಮಾತು ಅರ್ಧಂಬರ್ಧ ಕೇಳಿಸುತ್ತೆ. ಫೋನು ಹಳತಾಯಿತು, ಇನ್ನೇನು.

ನೀನು ತೊಯಾಮಾದಿಂದ ಹೊಸ ಧಾಟಿ ನುಡಿಸಿ ಫೋನಿಗೆ ಕಳಿಸಿದ್ದೆಯಲ್ಲ, ಅಲ್ಲಿನ ಏಪ್ರಿಲ್ ಸ್ಪರ್ಧೆಗೆ ಅಂತ. "ಬಲಗಡೆ ತಾಳ ಹಾಕ್ಸಿದೀನಿ, ಎಡಗಡೆ ನನ್ನ ಕ್ಲಾರಿನೆಟ್. ಬೀದೀಲಿ ನಾವಿಬ್ರೂ ನಡೆಯೋ ಹಾಗೇ. ಈ ಸಲ ನೀನು ತಡವಾಗಿ ಶುರು ಮಾಡಿದ್ರೆ ಅಲ್ಲೇ, ಎಲ್ಲರೆದುರಿಗೇ, ನಿನ್ನ ಕೂದಲ ಟೋಪಿ ಕಿತ್ತು ಬಿಸಾಕ್ತೀನಿ ನೋಡು" ಅಂದೆ ನೀನು. ನಾನು ನಕ್ಕೆ. ರಾತ್ರಿಯೆಲ್ಲ ಅದೇ ಚಿಂತೆ. ಹೋದ ವರ್ಷ ಹೊಸ ಉಪ್ಪಿನಕಾಯಿ ಅಂಗಡಿ ಶುರುವಾದ ದಿನ ಅದರ ಪ್ರಚಾರಕ್ಕೆ ನಾವು ವೇಷ ಹಾಕಿ ಬೀದಿ ಸುತ್ತುತ್ತ ಬಾರಿಸಿದೆವಲ್ಲ, ಆವತ್ತು ಎರಡು ಸಲ ತಾಳದಲ್ಲಿ ನಿನಗಿಂತ ಹಿಂದುಳಿದೆ. ಲಾರಿ ಸದ್ದಿಗೆ ಕೇಳಿಸಲಿಲ್ಲ ಅಂದಿದ್ದೆ. ಇನ್ನೊಂದು ಸಲ ಹಾಗಾದರೆ ನಮ್ಮ ಜೋಡಿಯ ಈ ಚಿಂದೊನ್ ಬೀದಿವಾದ್ಯದ ಕತೆ ಅಲ್ಲಿಗೆ ಮುಗೀತು ಅಂತ ನನಗೂ ಗೊತ್ತು, ನಿನಗೂ ಗೊತ್ತು.

ಮನೆಯಲ್ಲಿ ಅಭ್ಯಾಸ ಮಾಡೋಣ ಅಂದರೆ ಕೆಳಗಿನ ಮನೆಯ ಒನೊದೆರಾ ಮುದುಕ ಪೊರಕೆ ಹಿಡಿಯಿಂದ ಕುಟ್ಟುತ್ತಾನೆ. "ಕಿಕುಎ-ಸಾನ್, ಇದೇನು ಮನೇನಾ, ಮೆರವಣಿಗೇನಾ?" ಅಂತ ಕೂಗುತ್ತಾನೆ. ಹಾಗಾಗಿ ಮಡಿಸಿದ ಹಾಸಿಗೆಯ ಮೇಲೆ ಊಟದ ಕಡ್ಡಿಯಲ್ಲಿ ತಾಳ ಹಾಕುವುದು, ನಿನ್ನ ಧಾಟಿಯನ್ನು ಹೆಡ್‌ಫೋನಿನಲ್ಲಿ ಕೇಳುವುದು ಅಂತ ತೀರ್ಮಾನ ಮಾಡಿದೆ.

ಅಂಗಡಿಯಲ್ಲಿ ಗೋಡೆ ತುಂಬ ಹೆಡ್‌ಫೋನು, ಅಕ್ಕಾ! ಯಾವುದನ್ನು ಬೇಕಾದರೂ ಹಾಕಿಕೊಂಡು ಕೇಳಬಹುದು, ಯಾರೂ ಬೇಡ ಅನ್ನುವುದಿಲ್ಲ. ನನಗೋ ಒಂದೇ ಸಮನೆ ಯೋಚನೆ. ತಲೆಗೆ ಹಚ್ಚಿದ ಬಣ್ಣ ಅದರ ಮೆತ್ತೆಗೆ ಹತ್ತಿಬಿಟ್ಟರೆ? ಕಿವಿ ಮುಚ್ಚಿಕೊಂಡು ಕೂತಾಗಲೇ ಭೂಕಂಪದ ಸೈರನ್ ಕೂಗಿಬಿಟ್ಟರೆ? ಮಿಜೊಗುಚಿ ಅಂತ ಅಂಗಡಿಯವಳು, ನಲವತ್ತರ ಹೆಂಗಸು, ಬಂದು ಏನು ಬೇಕು ಅಂತ ಕೇಳಿದಳು. "ಸದ್ದು ಹೊರಗೆ ಸೋರಬಾರದು ತಾಯಿ, ಕೆಳಗೆ ಒಬ್ಬ ಮುದುಕ ಇದ್ದಾನೆ" ಅಂದೆ. "ಹಾಗಾದ್ರೆ ಹೊರಬದಿ ಪೂರ್ತಿ ಮುಚ್ಚಿರೋದೇ ತಗೊಳ್ಳಿ ಅಮ್ಮ, ಮುದುಕರು ನಿದ್ದೆ ಮಾಡ್ಲಿ" ಅಂದು, ಮಡಿಸಿ ಚೀಲಕ್ಕೆ ಹಾಕಬಹುದಾದ ನಾಲ್ಕನ್ನು ಮುಂದಿಟ್ಟಳು. ಕಂಪನಿ ಹೆಸರು ನನ್ನ ಬಾಯಲ್ಲಿ ನಿಲ್ಲಲಿಲ್ಲ, ನಾನೇ ಹೆಸರಿಟ್ಟೆ. ನೀನು ಕಳಿಸಿದ ಧಾಟಿಯನ್ನೇ ಒಂದೊಂದರಲ್ಲೂ ಹಾಕಿಸಿ ಕೇಳಿದೆ.

ಮೊದಲನೆಯದು ಕಪ್ಪು ಹಂಡೆ. ಹಾಕಿದ್ದೇ ತಡ, ಧಡ್ ಧಡ್ ಅಂತ ತಾಳದ ಸದ್ದೊಂದೇ, ಹಂಡೆಯೊಳಗೆ ತಲೆ ಇಟ್ಟ ಹಾಗೆ. ಎರಡನೆಯದು ಇಕ್ಕಳ. ಜಾಗಟೆಯ ಕಿಣಿಕಿಣಿ ಎಷ್ಟು ಚೊಕ್ಕ ಅಂದರೆ ಹಲ್ಲು ಜುಮ್ಮೆಂದಿತು, ಆದರೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಚುಚ್ಚಿ ಚುಚ್ಚಿ ಕಣ್ಣಲ್ಲಿ ನೀರು. ಮೂರನೆಯದು ದಿಂಬು, ಆಹಾ, ತಲೆ ಮೇಲೆ ಇದೆಯೋ ಇಲ್ಲವೋ ಗೊತ್ತಾಗದು! ಸದ್ದು ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಕಂಬಳಿ ಹೊದ್ದು ಬಾರಿಸಿದ ಹಾಗೆ. ನಾಲ್ಕನೆಯದು ಬೆಳ್ಳಿ. ತೂಕವಿತ್ತು, ಆದರೆ ಒಂದೇ ಕಡೆ ಒತ್ತುತ್ತಿರಲಿಲ್ಲ. "ಇದು ಸ್ವಲ್ಪ ಭಾರ ಅಮ್ಮ, ಕತ್ತು ನೋಯುತ್ತಾ?" ಅಂತ ಕೇಳಿದಳು. ನಗು ಬಂತು. ಆಗಸ್ಟ್ ಬಿಸಿಲಲ್ಲಿ ಆ ಮೇಣ ಮೆತ್ತಿದ ಕೂದಲ ಟೋಪಿ ಹೊತ್ತು, ಎದೆಗೆ ಡೋಲು ಕಟ್ಟಿಕೊಂಡು ದಿನವಿಡೀ ನಡೆದವಳಿಗೆ ಭಾರದ ವಿಷಯ ಹೇಳಲು ಬಂದಳು!

ಎಲ್ಲ ಸರಿ, ನೀನು ಮಾತ್ರ ಯಾವುದರಲ್ಲೂ ಇಲ್ಲ! ತಾಳ ಇದೆ, ಕ್ಲಾರಿನೆಟ್ ದೂರದಲ್ಲಿ ಎಲ್ಲೋ ಸೊಳ್ಳೆ ಕೂಗಿದ ಹಾಗೆ. ಕಪ್ಪು ಹಂಡೆಯಲ್ಲಿ ಸಹಿಸಿದೆ, ಇಕ್ಕಳದಲ್ಲಿ ಸಹಿಸಿದೆ, ದಿಂಬಿನಲ್ಲೂ ಸುಮ್ಮನಿದ್ದೆ. ಬೆಳ್ಳಿಯಲ್ಲೂ ಹಾಗೇ ಆದಾಗ ತಡೆಯಲಾಗಲಿಲ್ಲ. "ಎಲ್ಲದರ ಎಡಗಡೆನೂ ಸತ್ತೋಗಿದೆಯಲ್ರೀ!" ಅಂದೆ. ಮೆಲ್ಲಗೇ ಅಂದೆ ಅಂದುಕೊಂಡಿದ್ದೆ. ಕಿವಿ ಮುಚ್ಚಿದ್ದು ಮರೆತೇಹೋಗಿತ್ತು. ಬೀದಿಯ ಆ ತುದಿಗೆ ಮುಟ್ಟುವ ಗಂಟಲು ನನ್ನದು, ಅಂಗಡಿಗೆ ಅಂಗಡಿಯೇ ನನ್ನ ಕಡೆ ತಿರುಗಿತು. ನಾಚಿಕೆಯಿಂದ ಏನು ಮಾಡಬೇಕೋ ತಿಳಿಯದೆ, ಅಭ್ಯಾಸಬಲ ನೋಡು, ಬೆನ್ನು ಬಗ್ಗಿಸಿ "ತೋಜಾಯ್, ತೋಜಾಯ್! ಪೂರ್ವದವರೇ, ಪಶ್ಚಿಮದವರೇ, ಕಿವಿ ಕೊಡಿ!" ಅಂತ ನಮ್ಮ ಆರಂಭದ ಕೂಗು ಹಾಕಿಬಿಟ್ಟೆ. ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ! ಒಬ್ಬ ಅಜ್ಜ ಬಂದು, "ಚಿಕ್ಕೋನಿದ್ದಾಗ ನಮ್ಮಜ್ಜಿ ಊರಲ್ಲಿ ನಿಮ್ಮಂಥೋರ ಹಿಂದೆ ಓಡ್ತಿದ್ದೆ, ಅದಕ್ಕೆ ಏಟೂ ತಿಂದಿದ್ದೆ" ಅಂದ.

ಮಿಜೊಗುಚಿ ನಗಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿದಳು. "ಒಂದ್ನಿಮಿಷ ಕೊಡಿ ಅಮ್ಮ" ಅಂದು ಬೆಳ್ಳಿಯನ್ನು ತೆಗೆದು, ಏನೋ ಮಾಡಿ, ಮತ್ತೆ ತಲೆಗೆ ಹಾಕಿದಳು.

ಅಕ್ಕಾ! ನೀನು ಬಂದೆ! ಊದುವ ಮೊದಲು ಮೂಗಲ್ಲಿ ಉಸಿರೆಳೆಯುತ್ತೀಯಲ್ಲ, ಅದು ಕೇಳಿಸಿತು. ಬೆರಳು ಕೀಲಿಯ ಮೇಲೆ ಟಪ್ ಅಂದದ್ದು ಕೇಳಿಸಿತು. ಎರಡನೇ ಸುತ್ತಿನಲ್ಲಿ ಸ್ವರವನ್ನು ಎಳೆದು, ಜಾರಿಸಿ, ನನಗಾಗಿ ಕಾಯುತ್ತೀಯ. ಅಷ್ಟು ಕಾಯುತ್ತೀಯ ಅಂತ ನನಗೆ ಗೊತ್ತೇ ಇರಲಿಲ್ಲ. ನಿಂತಲ್ಲೇ ತೊಡೆಯ ಮೇಲೆ ತಾಳ ಹಾಕಿದೆ, ಕೊನೆಯವರೆಗೆ ಒಂದು ಏಟೂ ತಪ್ಪಲಿಲ್ಲ. ಅತ್ತುಬಿಟ್ಟೆ, ಅಂಗಡಿಯ ನಡುವೆ! ಮಿಜೊಗುಚಿ ಕಾಗದದ ಕರವಸ್ತ್ರ ಕೊಟ್ಟಳು. ಸೋರುತ್ತದೆಯೇ ಅಂತ ಅವಳಿಗೆ ತನ್ನ ಕಿವಿಯನ್ನು ನನ್ನ ಕಿವಿಯ ಹತ್ತಿರ ತಂದು ನೋಡಲು ಹೇಳಿದೆ. "ಸದ್ದೇನೂ ಸೋರ್ತಿಲ್ಲ ಅಮ್ಮ, ನಿಮ್ಮ ಕಣ್ಣೇ ಸೋರ್ತಿರೋದು" ಅಂದಳು.

ಹಾಗೆ ಬೆಳ್ಳಿಯನ್ನೇ ತಂದೆ. ಇವತ್ತು ಬೆಳಗಿನಿಂದ ಅದೇ ಕೆಲಸ, ಹಾಸಿಗೆಗೆ ಕುಳಿ ಬಿದ್ದಿದೆ. ಒನೊದೆರಾ ಮುದುಕ ಮೇಲೆ ಬಂದು ಬಾಗಿಲು ತಟ್ಟಿ, "ಏನೂ ಸದ್ದಿಲ್ಲ, ಬದುಕಿದೀರಾ?" ಅಂತ ಕೇಳಿ ಹೋದ. ಸದ್ದು ಮಾಡಿದರೂ ಕಷ್ಟ, ಮಾಡದಿದ್ದರೂ ಕಷ್ಟ.

ತೊಯಾಮಾದಲ್ಲಿ ಚೆರ್ರಿ ಮೊಗ್ಗು ಬಿಟ್ಟಿದ್ದರೆ ತಿಳಿಸು. ಸ್ಪರ್ಧೆಗೆ ಮುಂಚೆಯೇ ಅರಳಿ ಉದುರಿಹೋದರೆ ಅಂತ ಅದೊಂದು ಯೋಚನೆ ಬೇರೆ. ಟೋಪಿ ಬಾಚಿಸಿ ಇಟ್ಟಿದ್ದೇನೆ. ಅದನ್ನು ಕೀಳುವ ಆಸೆ ಬಿಟ್ಟುಬಿಡು.

ನಿನ್ನ ಬೆನ್ನಿಗೇ ಅಂಟಿಕೊಂಡ ಡೋಲಿನವಳು,
ಕಿಕುಎ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮಿಜೊಗುಚಿ ಮಾಡಿದ್ದು ಇಷ್ಟೇ ಅಕ್ಕಾ: ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಬಲಗಿವಿಗೆ ಹಾಕಿದಳು. ಆಮೇಲೆ ನಾನೇ ಹಂಡೆ, ಇಕ್ಕಳ, ದಿಂಬು ಮೂರನ್ನೂ ಹಾಗೇ ತಿರುಗಿಸಿ ಹಾಕಿ ನೋಡಿದೆ. ಮೂರರಲ್ಲೂ ನೀನಿದ್ದೆ. ಕೆಟ್ಟಿರುವುದು ಅವಲ್ಲ. ಲಾರಿಯೂ ಅಲ್ಲ, ಫೋನೂ ಅಲ್ಲ. ಕಿವಿ ಡಾಕ್ಟರ ಹತ್ತಿರ ಗುರುವಾರ ಹೋಗುತ್ತೇನೆ, ಬೈಬೇಡ. ಅವರು ಏನೇ ಅಂದರೂ ತೊಯಾಮಾಕ್ಕೆ ಬಂದೇ ಬರುತ್ತೇನೆ. ನೀನು ಮಾತ್ರ ಈ ಸಲ ನನ್ನ ಬಲಗಡೆ ನಡಿ. ಯಾರಾದರೂ ಕೇಳಿದರೆ ಎಡಗಡೆ ಬಿಸಿಲಿತ್ತು ಅನ್ನು.