ನೆಲ ಒದ್ದೆ, ಮರೆತರೆ ಬಿದ್ದೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಅಕ್ಷರ ಸೊಟ್ಟಗಿದೆ, ಮೊದಲೇ ಹೇಳಿಬಿಡುತ್ತೇನೆ. ಅವಸರ ಅಂದುಕೋ. ಮೂರು ದಿನದಿಂದ ನಾನು ವಾರ್ಡಿಗೆ ಬಂದಾಗಲೆಲ್ಲ ನೀನು ನಿದ್ದೆಯಲ್ಲಿರುತ್ತೀಯ. ನಿಜವಾಗಿ ನಿದ್ದೆ ಬಂದವರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚುವುದಿಲ್ಲಮ್ಮ. ಮುನಿಸಿಕೊಂಡವರ ಹತ್ತಿರ ಕಾಗದವೇ ಮಾತಾಡಬೇಕು.

ಗುರುವಾರ ಹನ್ನೊಂದಕ್ಕೆ ಡಾಕ್ಟರು ಅಣ್ಣನನ್ನೂ ನನ್ನನ್ನೂ ಕರೆದಿದ್ದಾರೆ. ನಿನ್ನನ್ನು ನಿನ್ನ ಮನೆಗೆ ಕಳಿಸುವುದೋ, ವೃದ್ಧಾಶ್ರಮಕ್ಕೋ ಎಂಬುದು ಅವತ್ತೇ ತೀರ್ಮಾನ. ಅಣ್ಣ ಆಗಲೇ ಅಲ್ಲೊಂದು ಹಾಸಿಗೆ ನೋಡಿಟ್ಟಿದ್ದಾನೆ. "ಒಬ್ಬಳನ್ನೇ ಬಿಟ್ಟು ಇನ್ನೊಂದ್ಸಲ ಬಿದ್ರೆ ಯಾರೇ ಹೊಣೆ?" ಎಂದು ಫೋನಿನಲ್ಲಿ ಕೂಗುತ್ತಾನೆ. ಈಗೀಗ ಫೋನು ಬಡಿದುಕೊಂಡರೆ ಸಾಕು, ನನ್ನ ಎದೆಯೂ ಬಡಿದುಕೊಳ್ಳುತ್ತದೆ. ಮೊದಲ ಸಲ ನೀನು ಬಿದ್ದದ್ದಕ್ಕೆ ಹೊಣೆ ನಾನೇ.

ಹಿರಿಯರಿರುವ ಮನೆಯಲ್ಲಿ ಓಡಾಡುವ ದಾರಿ ತೆರವಾಗಿರಬೇಕು ಎಂದು ಒಂದು ಕೈಪಿಡಿಯಲ್ಲಿ ಓದಿದ್ದೆ. ನೀನು ಪಕ್ಕದ ಮನೆಗೆ ಹೋಗಿದ್ದ ಎರಡು ಗಂಟೆಯಲ್ಲಿ ಬಡಗಿಯನ್ನು ಕರೆಸಿ ಕೆಲಸ ಮುಗಿಸಿದೆ. ಕುರ್ಚಿ ಅಡುಗೆಮನೆಗೆ, ಕಪಾಟು ಮೂಲೆಗೆ, ಹೊಲಿಗೆ ಮಿಷನ್ ಮನೆಯಿಂದಲೇ ಆಚೆಗೆ. ಮನೆ ಮೈದಾನವಾಯಿತು. ನೀನು ಹೊಸಿಲಲ್ಲೇ ನಿಂತು, "ನನ್ನ ಮಿಷನ್ ಎಲ್ಲೇ?" ಎಂದು ಕೇಳಿದೆ. ಭದ್ರವಾಗಿದೆ ಎಂದೆ. ಸುಳ್ಳು. ಬಡಗಿಗೆ ಕೊಟ್ಟುಬಿಟ್ಟಿದ್ದೆ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಮಿಷನ್ ಮೇಲೆ ಅವನು ಬಣ್ಣದ ಡಬ್ಬಿ ಇಡುತ್ತಿದ್ದ. ಹತ್ತನೇ ದಿನ ನೀನು ಬಚ್ಚಲ ಬಾಗಿಲ ಬಳಿ ಬಿದ್ದೆ.

ಕಳೆದ ಶನಿವಾರ ನಿನ್ನ ಬಟ್ಟೆ ತರಲು ಮನೆಗೆ ಹೋದೆ. ಗೋಡೆಗೆಲ್ಲ ನಾನು ಅಂಟಿಸಿದ ಚೀಟಿಗಳು. ಒಲೆಯ ಮೇಲೆ "ಒಲೆ ಆರಿತೇ ನೋಡು, ಆಮೇಲೆ ಹಾಡು". ಬಚ್ಚಲ ಬಾಗಿಲಿಗೆ "ನೆಲ ಒದ್ದೆ, ಮರೆತರೆ ಬಿದ್ದೆ". ಆ ಬಚ್ಚಲ ಚೀಟಿ ತಲೆಕೆಳಗಾಗಿತ್ತಮ್ಮ. ಮುದ್ರಣಾಲಯದಲ್ಲಿ ಊರಿನವರ ತಪ್ಪೆಲ್ಲ ತಿದ್ದುವ ನಾನು ನನ್ನ ಪ್ರಾಸವನ್ನೇ ಶೀರ್ಷಾಸನ ಹಾಕಿಸಿ ಹೋಗಿದ್ದೆ. ಮೊದಲು ನಗು ಬಂತು. ಆಮೇಲೆ ಆ ಬಾಗಿಲ ಮುಂದೆಯೇ ಕೂತುಬಿಟ್ಟೆ.

ಬೀದಿಯ ಆಚೆಯಿಂದಲೇ ಒಂದು ಅಂಗಿಯ ಕಾಲರ್ ಕೂದಲೆಳೆಯಷ್ಟು ಸೊಟ್ಟ ಎಂದು ಹೇಳುತ್ತಿದ್ದವಳು ನೀನು. ಆ ಚೀಟಿಯ ಮುಂದೆ ತಿಂಗಳುಗಟ್ಟಲೆ ಓಡಾಡಿಯೂ ಒಂದು ಮಾತು ಆಡಲಿಲ್ಲ. ಕೇಳಿದಾಗಲೆಲ್ಲ, "ಓದ್ತಾ ಇರ್ತೀನಿ ಕಣೇ, ನಗು ಬರುತ್ತೆ" ಎನ್ನುತ್ತಿದ್ದೆ. ಅಂಟಿಸುವಾಗ ನಾನು ಜೋರಾಗಿ ಓದಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆಯಾ?

ಯಾವಾಗಿನಿಂದ ಕಾಣಿಸುತ್ತಿಲ್ಲ ಅಮ್ಮ?

ನಿನ್ನ ಕಣ್ಣು ಹೇಗಿದೆ ಎಂದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುವೆ. ಗುಂಡುಕಲ್ಲಿಗೂ ಕಣ್ಣಿರುವುದಿಲ್ಲ. ಹಗಲು ಪಾಳಿಯ ಸಿಸ್ಟರ್ ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಮ್ಮ ಲೋಟಾನ ತಡಕಿ ತಗೋತಾರೆ, ಗಮನಿಸಿದ್ದೀರಾ?" ಎಂದರು. ಈ ಪತ್ರ ಓದಿ ಹೇಳುತ್ತಿರುವವರೂ ಅವರೇ. ನಾನೇ ಕೇಳಿಕೊಂಡಿದ್ದೇನೆ. ಅವರ ಮೇಲೆ ರೇಗಬೇಡ.

ನೀನು ಆ ಮನೆಯಲ್ಲಿ ಓಡಾಡುತ್ತಿದ್ದದ್ದು ಕಣ್ಣಿಂದಲ್ಲ, ಕೈಯಿಂದ. ಮಂಚ, ಕುರ್ಚಿಯ ಬೆನ್ನು, ಕಪಾಟಿನ ಅಂಚು, ಮಿಷನ್. ಅಡ್ಡಿ ಎಂದು ನಾನು ಎತ್ತಿಸಿದ್ದೆಲ್ಲ ನಿನ್ನ ಊರುಗೋಲು. ಇದನ್ನು ಹೇಳಿದಾಗ ಬಡಗಿ ತಲೆ ಕೆರೆದುಕೊಂಡು, "ಅಕ್ಕಾ, ಎತ್ತೋಕೆ ಮುಂಚೆ ಅಮ್ಮನ್ನ ಒಂದ್ಮಾತು ಕೇಳಬಾರ್ದಿತ್ತಾ?" ಎಂದ. ಕೈಪಿಡಿಯಲ್ಲಿ ಆ ಸಾಲೊಂದು ಇರಲಿಲ್ಲ.

ಬಡಗಿಯಿಂದ ಮಿಷನ್ ವಾಪಸು ತರಿಸಿ, ನೆಲದ ಮೇಲೆ ಉಳಿದಿದ್ದ ಕುರ್ಚಿ, ಕಪಾಟುಗಳ ಕಾಲಿನ ಗುರುತು ನೋಡಿ ಎಲ್ಲವನ್ನೂ ಮೊದಲಿದ್ದಲ್ಲೇ ಇಡಿಸಿದ್ದೇನೆ. ಕುರ್ಚಿ ಜಾರದಂತೆ, ಮಿಷನ್ ಅಲುಗಾಡದಂತೆ ಬಡಗಿ ಮೊಳೆ ಹೊಡೆದಿದ್ದಾನೆ. ಮಿಷನ್ ಮೇಲೆ ಒಂದು ಹನಿ ಹಸಿರು ಬಣ್ಣ ಹೋಗಲಿಲ್ಲ, ಕ್ಷಮಿಸು. ಭಾನುವಾರ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಂಚದಿಂದ ಬಚ್ಚಲಿಗೆ ನಡೆದೆ. ಮಿಷನ್ ಆದಮೇಲೆ ಎರಡು ಹೆಜ್ಜೆ ಹಿಡಿಯಲು ಏನೂ ಇಲ್ಲ. ಇಷ್ಟು ದಿನ ಹೇಗೆ ದಾಟಿದೆಯೋ ನೀನೇ ಬಲ್ಲೆ. ಇವತ್ತು ಅಲ್ಲಿ ಗೋಡೆಗೆ ಕಬ್ಬಿಣದ ಹಿಡಿಕೆ ಕೂತಿದೆ. ಜೋತುಬಿದ್ದು ನೋಡಿದೆ. ನನ್ನ ಭಾರ ತಡೆದದ್ದು ನಿನ್ನದನ್ನು ತಡೆಯದೇ? ಹೊಸ ಪ್ರಾಸ ಕೇಳು, ಇದಕ್ಕೆ ಚೀಟಿ ಬೇಡ:

ಮಂಚ ಬಿಟ್ಟು ಕುರ್ಚಿ ಮುಟ್ಟು,
ಕಪಾಟು ಸವರಿ ಮಿಷನ್ ತಟ್ಟು,
ಹಿಡಿಕೆ ಸಿಗದೆ ಕಾಲಿಡಬೇಡ,
ಸಿಕ್ಕ ಮೇಲೆ ಕೈಬಿಡಬೇಡ.

ಒಂದೇ ಬೇಡಿಕೆ. ಗುರುವಾರ ಡಾಕ್ಟರ ಮುಂದೆ ಕಣ್ಣಿನ ವಿಷಯ ನೀನೇ ಹೇಳು. ಪೊರೆಯೋ ಮತ್ತೊಂದೋ, ತೋರಿಸದೆ ತಿಳಿಯುವುದಿಲ್ಲ. ಹೇಳಿದರೆ ಅಣ್ಣ ಆಶ್ರಮಕ್ಕೆ ಕಳಿಸುತ್ತಾನೆ ಎಂಬ ಭಯ ನಿನಗೆ. ಹೇಳದೆ ಮನೆಗೆ ಬಂದರೆ ನೀನು ಮತ್ತೆ ಬೀಳುತ್ತೀಯ ಎಂಬ ಭಯ ನನಗೆ. ಅಣ್ಣನನ್ನು ನನಗೆ ಬಿಡು. ಅವನ ಕಣ್ಣಿಗೂ ಟವೆಲ್ ಕಟ್ಟಿ ಆ ಮನೆಯಲ್ಲಿ ನಡೆಸುತ್ತೇನೆ. ಬಚ್ಚಲು ಮುಟ್ಟಿದ ಮೇಲೆ ಕೇಳೋಣ, ಈ ಮನೆ ಬೇಡವೇ ಎಂದು. ನೀನು ಹೇಳದಿದ್ದರೆ ಮಾತ್ರ ನಾನೇ ಹೇಳುತ್ತೇನೆ. ಬಿದ್ದದ್ದನ್ನು, ಕಾಣದ್ದನ್ನು ಮುಚ್ಚಿಟ್ಟುಕೊಂಡು ನಮ್ಮನೆಯಲ್ಲಿ ಇನ್ನು ಯಾರೂ ಬದುಕಬಾರದು.

ಗುರುವಾರ ಬರುತ್ತೇನೆ. ಎಚ್ಚರವಿರು.

ಪ್ರಾಸಕ್ಕೆ ಬಿದ್ದು ತ್ರಾಸ ಕೊಟ್ಟ
ನಿನ್ನ ಮಗಳು

ಮರೆತ ಮಾತು: ಸಿಸ್ಟರ್, ಇಲ್ಲಿಂದ ದಯವಿಟ್ಟು ಮನಸ್ಸಿನಲ್ಲೇ ಓದಿಕೊಳ್ಳಿ. ಆ ಎರಡು ಹೆಜ್ಜೆಯಲ್ಲಿ, ಅಮ್ಮ ಬಿದ್ದ ಜಾಗದಲ್ಲೇ, ಭಾನುವಾರ ನಾನೂ ಬಿದ್ದೆ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ. ಇದೆಲ್ಲ ಎಡಗೈಯ ಬರಹ. ಅಮ್ಮನಿಗೆ ಹೇಳಬೇಡಿ, ಅಣ್ಣನಿಗಂತೂ ಬೇಡವೇ ಬೇಡ. ಗುರುವಾರ ಪ್ಲಾಸ್ಟರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತೇನೆ, ಅವಳು ಕೈ ಚಾಚಿದರೆ ಎಡಗೈ ಕೊಡುತ್ತೇನೆ. ಯಾರಾದರೂ ನನ್ನ ಬಗ್ಗೆ ಕೇಳಿದರೆ, ಅವಳಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾಳೆ ಎಂದುಬಿಡಿ.